ಹದಿಮೂರು ದಿನಗಳ ಸಂಪಾದನೆ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿಗಳನ್ನು ಓದಿದವನಿಗೆ ನಿವೃತ್ತಿಯಾದ ಮೇಲೂ ಬಿಡುಗಡೆಯಿಲ್ಲ. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತಿದ್ದಾಗಲೂ ಯಾರಾದರೊಬ್ಬರು ಪಕ್ಕಕ್ಕೆ ಸರಿದು, “ತಮ್ಮಲ್ಲಿ ಒಂದು ವಿಷಯ ಕೇಳುವುದಿತ್ತು” ಎನ್ನುತ್ತಾರೆ. ಅಕ್ಕಿಯ ಗಿರಣಿಗೆ, ಅಚ್ಚುಕೂಟಕ್ಕೆ, ಕಲ್ಯಾಣಮಂಟಪಕ್ಕೆ, ಜೋಡಿ ಎಮ್ಮೆಗೆ ಸಾಲ ಬೇಡಿ ಬಂದವರನ್ನೆಲ್ಲ ನಾನು ಕಂಡಿದ್ದೆ. ನೈಟ್‌ಕ್ಲಬ್ಬಿಗೆ ಸಾಲ ಬೇಡುವವರನ್ನು ಮಾತ್ರ ಕಂಡಿರಲಿಲ್ಲ. ಆ ಕೊರತೆಯನ್ನು ಕಳೆದ ವರ್ಷ ನನ್ನ ಸೋದರಳಿಯ ತುಂಬಿಕೊಟ್ಟ.

ಒಂದು ಭಾನುವಾರ ಬೆಳಗ್ಗೆ ದಪ್ಪನೆಯ ಕಡತವೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. “ಮಾವ, ಇದನ್ನೊಮ್ಮೆ ನೋಡಿ. ಮಾವನಾಗಿ ಬೇಡ, ಬ್ಯಾಂಕಿನವರಾಗಿ ನೋಡಿ” ಎಂದ. ಒಳಗಿನಿಂದ ಕಾಫಿ ತಂದ ನನ್ನಾಕೆ ‘ಕ್ಲಬ್ಬು’ ಎಂಬ ಮಾತನ್ನಷ್ಟೇ ಕೇಳಿಸಿಕೊಂಡು, “ಇಸ್ಪೀಟಿನದೇನೋ?” ಎಂದು ಗಾಬರಿಯಾದಳು. “ಅಲ್ಲ ಅತ್ತೆ, ಕುಣಿತದ್ದು” ಎಂದ. ಅವಳ ಗಾಬರಿ ಕಡಮೆಯಾದಂತೆ ಕಾಣಲಿಲ್ಲ.

ಹುಡುಗ ಪೋಲಿಯಲ್ಲ. ಎಂಟು ವರ್ಷ ಕಂಪ್ಯೂಟರು ಕಂಪನಿಯಲ್ಲಿ ದುಡಿದವನು, ಸಂಗೀತವೆಂದರೆ ಪ್ರಾಣ. ಕಡತವನ್ನೂ ಓರಣವಾಗಿಯೇ ಮಾಡಿದ್ದ. ಇಂದಿರಾನಗರದಲ್ಲೊಂದು ಮೇಲಂತಸ್ತು, ತಿಂಗಳಿಗೆ 5 ಲಕ್ಷ ರೂಪಾಯಿ ಬಾಡಿಗೆ, ಒಟ್ಟು ಬಂಡವಾಳ 3 ಕೋಟಿ. ಅರ್ಧ ಸ್ನೇಹಿತರ ಪಾಲು, ಇನ್ನರ್ಧ ಬ್ಯಾಂಕಿನ ಸಾಲ. ದೀಪದ ಅಲಂಕಾರಕ್ಕೆ ಎಷ್ಟು, ಧ್ವನಿಯಂತ್ರಕ್ಕೆ ಎಷ್ಟು ಎಂಬುದನ್ನು ಬಣ್ಣಬಣ್ಣದ ಪಟ್ಟಿಗಳಲ್ಲಿ ತೋರಿಸಿದ್ದ. ಸಾಲಕ್ಕೆ ಆಧಾರವೇನೆಂಬುದು ಮಾತ್ರ ಕೊನೆಯ ಪುಟದಲ್ಲಿ, ಬಣ್ಣವಿಲ್ಲದೆ, ಸಣ್ಣ ಅಕ್ಷರಗಳಲ್ಲಿತ್ತು. ಅದು ಬಸವನಗುಡಿಯಲ್ಲಿರುವ ನನ್ನ ತಂಗಿಯ ಮನೆ. ಮೇಷ್ಟರಾಗಿದ್ದ ಭಾವ ತಮ್ಮ ಭವಿಷ್ಯನಿಧಿಯನ್ನೆಲ್ಲ ಸುರಿದು ಕಟ್ಟಿಸಿ, ಅದರಲ್ಲಿ ನಾಲ್ಕು ವರ್ಷ ಬಾಳಿ ತೀರಿಕೊಂಡ ಮನೆ.

ಇಲ್ಲಿಂದ ಮುಂದೆ ನಾನು ನೀತಿಬೋಧೆಗೆ ತೊಡಗುವೆನೆಂದು ವಾಚಕರು ಭಾವಿಸಬೇಕಾಗಿಲ್ಲ. ರಾತ್ರಿಯನ್ನು ಮಾರಿ ಬದುಕುವ ಕಸುಬು ನಮ್ಮ ನಾಡಿಗೆ ಹೊಸತೇನಲ್ಲ. ಗುಬ್ಬಿ ಕಂಪನಿಯ ನಾಟಕಗಳಿಗೆ ಜನ ಗಾಡಿ ಕಟ್ಟಿಕೊಂಡು ಬಂದು ಬೆಳಗಿನ ಜಾವ ಹಿಂದಿರುಗುತ್ತಿದ್ದರು. ಕರಾವಳಿಯ ಡೇರೆ ಮೇಳಗಳು ಟಿಕೀಟು ಕೊಟ್ಟು ಇರುಳಿಡೀ ಕುಣಿಸಿದವು. ನಿದ್ದೆಗೆಟ್ಟಾದರೂ ನಾಲ್ವರ ನಡುವೆ ಕುಳಿತು ಸಂತೋಷಪಡಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದದ್ದು. ನನ್ನ ಪ್ರಶ್ನೆ ಆ ಆಸೆಯನ್ನು ಕುರಿತದ್ದಲ್ಲ, ಅದರ ಲೆಕ್ಕವನ್ನು ಕುರಿತದ್ದು.

“ನಿನ್ನ ಕ್ಲಬ್ಬಿಗೆ ಜನ ಎಂದು ಬರುತ್ತಾರಪ್ಪ?” ಎಂದು ಕೇಳಿದೆ.

“ಶುಕ್ರವಾರ, ಶನಿವಾರ ಕಾಲಿಡಲು ಜಾಗವಿರುವುದಿಲ್ಲ ಮಾವ.”

“ಮಿಕ್ಕ ದಿನ?”

“ಮಿಕ್ಕ ದಿನ ನಿಧಾನವಾಗಿ ಬೆಳೆಸಬೇಕು.”

“ಎಷ್ಟು ಹೊತ್ತಿಗೆ ಬರುತ್ತಾರೆ?”

“ಹತ್ತಕ್ಕೆ ಮುಂಚೆ ಯಾರೂ ಬರುವುದಿಲ್ಲ.”

ಬೆಂಗಳೂರಿನಲ್ಲಿ ರಾತ್ರಿ 1 ಗಂಟೆಗೆ ಬಾಗಿಲು ಹಾಕಬೇಕು. ಹತ್ತರಿಂದ ಒಂದಕ್ಕೆ ಮೂರು ಗಂಟೆ. ವರ್ಷಕ್ಕೆ 52 ಶುಕ್ರವಾರ, 52 ಶನಿವಾರ. ಒಟ್ಟು 104 ರಾತ್ರಿ. ಮೂರರಿಂದ ಗುಣಿಸಿದರೆ 312 ಗಂಟೆ. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಸರಿಯಾಗಿ ಹದಿಮೂರು ದಿನ. ಹದಿಮೂರು ದಿನ ಗಳಿಸಿ 365 ದಿನ ಉಣ್ಣಬೇಕಾದ ವ್ಯಾಪಾರವಿದು. ವರ್ಷದ ಬಾಡಿಗೆ 60 ಲಕ್ಷವನ್ನು ಆ 312 ಗಂಟೆಗಳಿಗೆ ಹಂಚಿದರೆ ಒಂದೊಂದು ಗಂಟೆಯ ತಲೆಯ ಮೇಲೂ 19,000 ರೂಪಾಯಿಗೆ ಮಿಕ್ಕ ಬಾಡಿಗೆಯೇ ಕೂರುತ್ತದೆ. ಸಂಬಳ, ವಿದ್ಯುತ್ತು, ವಾದ್ಯಗಾರರ ಸಂಭಾವನೆ, ಬಡ್ಡಿ ಇನ್ನೂ ಬಂದಿಲ್ಲ. ಮಧ್ಯೆ ಚುನಾವಣೆಯೋ ಗಾಂಧಿ ಜಯಂತಿಯೋ ಶನಿವಾರ ಬಿದ್ದರೆ ಆ ರಾತ್ರಿ ಮದ್ಯವಿಲ್ಲ. ಬಾಡಿಗೆಗೆ ಮಾತ್ರ ರಜೆಯಿಲ್ಲ.

ಹುಡುಗ ತನ್ನ ಪಟ್ಟಿಗಳನ್ನು ತಿರುವಿಹಾಕಿದ. ಈ ಭಾಗಾಕಾರ ಅದರಲ್ಲಿರಲಿಲ್ಲ.

ಎರಡನೆಯದು ಅಪ್ಪಣೆಗಳ ಮಾತು. ಮದ್ಯಕ್ಕೆ ಅಬಕಾರಿ ಇಲಾಖೆಯ ಸಿಎಲ್-9 ಸನ್ನದು ಬೇಕು. ಹೊಸದು ಸುಲಭವಾಗಿ ದೊರೆಯುವಂಥದಲ್ಲ; ಹಳೆಯ ಸನ್ನದನ್ನು ದುಬಾರಿ ಬೆಲೆ ತೆತ್ತು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವವರೇ ಹೆಚ್ಚು. ಹಾಡು ಕುಣಿತಗಳಿಗೆ ಪೊಲೀಸರ ಅಪ್ಪಣೆ ಬೇರೆ. ಅದಕ್ಕಾಗಿ 2005ರಲ್ಲಿ ಹೊರಟ ಆಜ್ಞೆಯನ್ನು ಹೊಟೇಲಿನವರು ಪ್ರಶ್ನಿಸಿದರು. 2018ರಲ್ಲಿ ಸುಪ್ರೀಂ ಕೋರ್ಟು ಆಜ್ಞೆಯನ್ನೇ ಎತ್ತಿಹಿಡಿಯಿತು. ಅಡುಗೆಗೆ ಆಹಾರ ಸುರಕ್ಷತೆಯ ಪರವಾನಗಿ. ಬೇರೆಯವರ ಹಾಡನ್ನು ನುಡಿಸಿದರೆ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಾಡಿನ ಒಡೆಯರಿಗೆ ಸಲ್ಲಬೇಕಾದ ಹಣ. ರಾತ್ರಿ ಹತ್ತರ ಮೇಲೆ ಧ್ವನಿ ಹೊರಗೆ ಹೋಗಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುವುದರಿಂದ ಗೋಡೆಗಳಿಗೆ ದಪ್ಪ ಹೊದಿಕೆ. ಇವುಗಳಲ್ಲಿ ಒಂದು ಆರು ತಿಂಗಳು ತಡವಾದರೂ ಒಂದು ಲೋಟ ಪಾನಕವನ್ನೂ ಮಾರದೆ ಆರು ತಿಂಗಳ ಬಾಡಿಗೆ ಕಟ್ಟಬೇಕು. ಹೊಸ ಕ್ಲಬ್ಬು ಹುಟ್ಟುವ ಮೊದಲೇ ಸಾಯುವುದು ಸಾಮಾನ್ಯವಾಗಿ ಈ ಬಾಣಂತನದಲ್ಲಿಯೇ.

ಆದರೆ ಇವನ್ನೆಲ್ಲ ಕಾಟವೆಂದು ತಿಳಿದು ಅಡ್ಡದಾರಿ ಹಿಡಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಕಥೆಯೊಂದಿದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಕೋಕೋನಟ್ ಗ್ರೋವ್ ಎಂಬ ಕ್ಲಬ್ಬಿತ್ತು. 460 ಮಂದಿ ಹಿಡಿಸುವ ಜಾಗದಲ್ಲಿ 1942ರ ನವೆಂಬರ್ 28ರ ರಾತ್ರಿ ಸುಮಾರು ಒಂದು ಸಾವಿರ ಜನ ಸೇರಿದ್ದರು. ಅಲಂಕಾರದ ಬಟ್ಟೆಗೆ ಬೆಂಕಿ ತಗುಲಿತು. ಮುಂದಿನ ಬಾಗಿಲು ಸುತ್ತು ತಿರುಗುವಂಥದು. ನುಗ್ಗಿದ ಜನರಿಂದ ಅದು ಸಿಕ್ಕಿಹಾಕಿಕೊಂಡಿತು. ಹಣ ಕೊಡದೆ ಗಿರಾಕಿಗಳು ನುಸುಳಿ ಹೋಗದಿರಲೆಂದು ಪಕ್ಕದ ಬಾಗಿಲುಗಳಿಗೆ ಬೀಗ ಹಾಕಿದ್ದರು. ಸತ್ತವರು 492 ಮಂದಿ. ಮಾಲೀಕ ಸೆರೆಮನೆಗೆ ಹೋದ. ನಮ್ಮ ದೇಶದಲ್ಲಿಯೇ ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ, 2017ರ ಡಿಸೆಂಬರ್ 29ರ ನಡುರಾತ್ರಿ, ಮಾಳಿಗೆಯ ಮೇಲಿನ ಪಬ್ಬಿನಲ್ಲಿ ಬೆಂಕಿಯೆದ್ದು 14 ಮಂದಿ ತೀರಿಕೊಂಡರು. ನಾಲ್ಕು ಬಿಲ್ಲುಗಳ ಹಣ ಉಳಿಸಲು ಹಾಕಿದ ಬೀಗ ಎಷ್ಟು ದುಬಾರಿಯಾದೀತು ಎಂಬುದನ್ನು ಯಾವ ಅಂದಾಜುಪಟ್ಟಿಯೂ ಹೇಳುವುದಿಲ್ಲ.

“ಮಾವ, ನೀವು ಹೆದರಿಸುತ್ತಿದ್ದೀರಿ” ಎಂದ ಹುಡುಗ. ಆ ಮಾತು ನಿಜ. ಆದ್ದರಿಂದ ಗೆದ್ದವನೊಬ್ಬನ ಕಥೆಯನ್ನೂ ಹೇಳಿದೆ.

ನ್ಯೂಯಾರ್ಕಿನಲ್ಲಿ ಬಾರ್ನಿ ಜೋಸೆಫ್‌ಸನ್ ಎಂಬ ಚಪ್ಪಲಿ ವ್ಯಾಪಾರಿಯಿದ್ದ. ಹಾರ್ಲೆಮ್ಮಿನ ಹೆಸರಾಂತ ಕಾಟನ್ ಕ್ಲಬ್ಬಿನಲ್ಲಿ ಹಾಡಿ ಕುಣಿಯುವವರು ಕರಿಯರು, ಕುಳಿತು ನೋಡುವವರು ಬಿಳಿಯರು ಎಂಬ ಏರ್ಪಾಡನ್ನು ಕಂಡು ಅವನ ಮನಸ್ಸು ಕುದಿಯಿತು. ಆರು ಸಾವಿರ ಡಾಲರ್ ಸಾಲ ತಂದು, 1938ರ ಡಿಸೆಂಬರಿನಲ್ಲಿ ಷೆರಿಡನ್ ಚೌಕದ ನೆಲಮಾಳಿಗೆಯೊಂದರಲ್ಲಿ ‘ಕೆಫೆ ಸೊಸೈಟಿ’ ಎಂಬ ಕ್ಲಬ್ಬನ್ನು ತೆರೆದ. ಯಾರು ಬೇಕಾದರೂ ಬರಬಹುದು, ಯಾರ ಪಕ್ಕದಲ್ಲಾದರೂ ಕೂರಬಹುದು, ಇದೊಂದೇ ಕಟ್ಟಳೆ. ‘ಬ್ರಾಹ್ಮಣರಿಗೆ ಮಾತ್ರ’ ಎಂಬ ಹಲಗೆ ತೂಗುಹಾಕಿದ್ದ ಹೊಟೇಲುಗಳ ಕಾಲವನ್ನು ನಮ್ಮ ಹಿರಿಯರ ಬಾಯಿಂದ ಕೇಳಿಬಲ್ಲ ನಮಗೆ ಆ ಕಟ್ಟಳೆಯ ಬೆಲೆ ತಿಳಿಯದೆ ಇಲ್ಲ. ಬಾಗಿಲಲ್ಲಿ ಹರಕು ಬಟ್ಟೆಯ ದ್ವಾರಪಾಲಕ. ಗೋಡೆಯ ಮೇಲೆ ಸಿರಿವಂತರನ್ನು ಅಣಕಿಸುವ ಚಿತ್ರಗಳು. ಸಿರಿವಂತರೇ ಬಂದು ಅವನ್ನು ನೋಡಿ ನಕ್ಕು ಹಣ ಕೊಟ್ಟು ಹೋದರು. 1940ರಲ್ಲಿ ಊರಿನ ಶ್ರೀಮಂತ ಭಾಗದಲ್ಲಿ ಎರಡನೆಯ ಕ್ಲಬ್ಬೂ ಎದ್ದಿತು.

ಬಿಲ್ಲಿ ಹಾಲಿಡೇ ಎಂಬ ಗಾಯಕಿ 1939ರಲ್ಲಿ ‘ಸ್ಟ್ರೇಂಜ್ ಫ್ರೂಟ್’ ಎಂಬ ಹಾಡನ್ನು ಮೊದಲು ಹಾಡಿದ್ದು ಇಲ್ಲಿಯೇ. ಕರಿಯರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇಣುಹಾಕುತ್ತಿದ್ದುದನ್ನು ಕುರಿತ ಹಾಡು ಅದು. ಅದನ್ನು ಹಾಡುವಾಗ ಪರಿಚಾರಕರು ಸರಬರಾಜು ನಿಲ್ಲಿಸಬೇಕು, ದೀಪಗಳೆಲ್ಲ ಆರಬೇಕು, ಬೆಳಕು ಅವಳ ಮುಖದ ಮೇಲೆ ಮಾತ್ರ, ಹಾಡು ಮುಗಿದ ಮೇಲೆ ಎಷ್ಟು ಚಪ್ಪಾಳೆ ಬಿದ್ದರೂ ಅವಳು ಮರಳಿ ಬರುವುದಿಲ್ಲ. ಈ ನಿಯಮ ಮಾಡಿದವನು ಮಾಲೀಕನೇ. ಲೆಕ್ಕ ಬರೆಯುವವನ ಕಣ್ಣಿಗೆ ಅದು ವ್ಯಾಪಾರ ನಿಂತ ಹೊತ್ತು. ಆದರೆ ಆ ಕ್ಲಬ್ಬಿನ ಹೆಸರು ಇಂದಿಗೂ ಉಳಿದಿರುವುದು ವ್ಯಾಪಾರ ನಿಂತ ಆ ಹೊತ್ತಿನಿಂದಲೇ ಎಂದರೆ ತಪ್ಪಾಗಲಾರದು.

ಹಾಗಿದ್ದೂ ಅದು ಬಾಳಲಿಲ್ಲ. ಜೋಸೆಫ್‌ಸನ್ನನ ಅಣ್ಣ ಕಮ್ಯೂನಿಸ್ಟನಾಗಿದ್ದ. 1947ರಲ್ಲಿ ಅವನನ್ನು ಅಮೆರಿಕದ ಪ್ರತಿನಿಧಿಸಭೆಯ ವಿಚಾರಣಾ ಸಮಿತಿಯ ಮುಂದೆ ಎಳೆದರು. ಪತ್ರಿಕೆಗಳ ಅಂಕಣಕಾರರು ತಮ್ಮನ ಕ್ಲಬ್ಬಿನ ಮೇಲೆ ಹರಿಹಾಯ್ದರು. ಗಿರಾಕಿಗಳು ಹೆದರಿ ಹಿಂದೆಗೆದರು; ಒಂದೆರಡು ವರ್ಷಗಳಲ್ಲಿ ಎರಡು ಕ್ಲಬ್ಬುಗಳೂ ಅವನ ಕೈಬಿಟ್ಟವು. ಕ್ಲಬ್ಬಿನ ಬಂಡವಾಳದ ದೊಡ್ಡ ಪಾಲು ಪೆಟ್ಟಿಗೆಯಲ್ಲಿರುವುದಿಲ್ಲ, ಊರಿನ ಮನಸ್ಸಿನಲ್ಲಿರುತ್ತದೆ. ಊರು ಮುಖ ತಿರುಗಿಸಿದರೆ ಅದನ್ನು ವಿಮೆ ಮಾಡಿಸುವವರಿಲ್ಲ.

“ಜನ ಬಾರದೆ ಹೋದರೆ ತಾನೇ ನಷ್ಟ? ನನ್ನಲ್ಲಿ ಜನ ತುಂಬುತ್ತಾರೆ ಮಾವ” ಎಂದ. ಸಾಲ ಕೇಳುವವರೆಲ್ಲ ಹೇಳುವ ಮಾತೇ ಇದು. ಅದಕ್ಕೆ ಉತ್ತರ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದೆ.

1982ರ ಮೇ 21ರಂದು ಅಲ್ಲಿ ‘ಹಾಸಿಯೆಂಡಾ’ ಎಂಬ ಕ್ಲಬ್ಬು ತೆರೆಯಿತು. ಹೂಡಿದವರು ‘ಫ್ಯಾಕ್ಟರಿ’ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆ ಮತ್ತು ಅದರ ವಾದ್ಯವೃಂದ ‘ನ್ಯೂ ಆರ್ಡರ್’. ಸಂಸ್ಥೆಯ ಮುಂದಾಳು ಟೋನಿ ವಿಲ್ಸನ್ ದೂರದರ್ಶನದ ವರದಿಗಾರ. ದೊಡ್ಡ ಮನಸ್ಸು, ಲೆಕ್ಕದಲ್ಲಿ ಉದಾಸೀನ. ವಿಹಾರನೌಕೆಗಳನ್ನು ಮಾರಾಟಕ್ಕಿಡುತ್ತಿದ್ದ ಹಳೆಯ ಕಟ್ಟಡವೊಂದನ್ನು ಹಿಡಿದು ಬೆನ್ ಕೆಲ್ಲಿ ಎಂಬ ವಿನ್ಯಾಸಕಾರನಿಂದ ಸಿಂಗರಿಸಿದರು. ಖರ್ಚು ಅಂದಾಜನ್ನು ಎಷ್ಟೋ ಪಟ್ಟು ಮೀರಿತು. ಮೊದಲ ಕೆಲವು ವರ್ಷ ಬಹುಪಾಲು ರಾತ್ರಿ ಆ ವಿಶಾಲವಾದ ಕಟ್ಟಡ ಭಣಗುಟ್ಟಿತು. ‘ಬ್ಲೂ ಮಂಡೇ’ ಎಂಬ ಅವರ ಹಾಡು 1983ರಲ್ಲಿ ಜಗತ್ತಿನಲ್ಲೆಲ್ಲ ಮಾರಾಟವಾಯಿತು; ಹಾಡಿನಿಂದ ಬಂದ ಹಣ ಕ್ಲಬ್ಬಿನ ತೂತುಗಡಿಗೆಯನ್ನು ತುಂಬಲು ಹೋಯಿತು. ಹಾಡಿದವರು ವಾರದ ಸಣ್ಣ ಸಂಬಳದಲ್ಲಿ ದಿನ ನೂಕಿದರು.

1988ರ ಬೇಸಗೆಯ ಹೊತ್ತಿಗೆ ಅದೃಷ್ಟ ತಿರುಗಿತೆಂದು ತೋರಿತು. ಅಮೆರಿಕದಿಂದ ಬಂದ ಹೊಸ ಕುಣಿತದ ಸಂಗೀತಕ್ಕೆ ಜನ ಮುಗಿಬಿದ್ದರು. ಬಾಗಿಲಿನಿಂದ ಬೀದಿಯುದ್ದ ಸಾಲು. ಆದರೆ ಬಂದ ತರುಣರು ಮದ್ಯ ಕುಡಿಯಲಿಲ್ಲ. ಎಕ್ಸ್‌ಟಸಿ ಎಂಬ ಮಾದಕ ಗುಳಿಗೆಯನ್ನು ನುಂಗಿ ನೀರು ಕುಡಿದು ಕುಣಿದರು. ಗುಳಿಗೆಯ ಹಣ ಅದನ್ನು ಮಾರುವ ಪುಂಡರ ಜೇಬಿಗೆ. ಕ್ಲಬ್ಬಿನ ಪಾಲಿಗೆ ನೀರು. ಕ್ಲಬ್ಬು ಬದುಕುವುದು ಪಾನೀಯದ ಲಾಭದ ಮೇಲೆ. ಕಿಕ್ಕಿರಿದ ರಾತ್ರಿಯೂ ನಷ್ಟದ ರಾತ್ರಿಯಾಗಬಲ್ಲದು ಎಂಬುದನ್ನು ಹಾಸಿಯೆಂಡಾ ಜಗತ್ತಿಗೆ ಕಲಿಸಿತು. 1989ರಲ್ಲಿ ಅಲ್ಲಿ ಆ ಗುಳಿಗೆಯನ್ನು ತಿಂದ ಹದಿನಾರರ ಹುಡುಗಿಯೊಬ್ಬಳು ಸತ್ತಳು. ಪೊಲೀಸರು ಸನ್ನದನ್ನು ಕಿತ್ತುಕೊಳ್ಳಲು ಹೊರಟರು. ಪುಂಡರ ಹೊಡೆದಾಟ ತಾಳಲಾರದೆ 1991ರ ಆರಂಭದಲ್ಲಿ ಕೆಲವು ತಿಂಗಳು ಕ್ಲಬ್ಬನ್ನೇ ಮುಚ್ಚಬೇಕಾಯಿತು. 1992ರ ನವೆಂಬರಿನಲ್ಲಿ ಫ್ಯಾಕ್ಟರಿ ಸಂಸ್ಥೆ ದಿವಾಳಿಯಾಯಿತು. 1997ರ ಜೂನಿನಲ್ಲಿ ಕ್ಲಬ್ಬು ಕೊನೆಯುಸಿರೆಳೆಯಿತು. ಕಟ್ಟಡವನ್ನು 2002ರಲ್ಲಿ ಕೆಡವಿ ಅದೇ ಹೆಸರಿನಲ್ಲಿ ವಾಸದ ಮನೆಗಳನ್ನು ಕಟ್ಟಿದರು. ವಾದ್ಯವೃಂದದ ಪೀಟರ್ ಹುಕ್ 2009ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದ. ಕ್ಲಬ್ಬನ್ನು ಹೇಗೆ ನಡೆಸಬಾರದು ಎಂಬುದೇ ಅದಕ್ಕೆ ಅವನಿಟ್ಟ ಉಪಶೀರ್ಷಿಕೆ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದ ಸಂಗತಿ ಬೇರೊಂದು. ಫ್ಯಾಕ್ಟರಿಯವರು ಮೊದಲಲ್ಲೇ ಒಂದು ಕರಾರು ಬರೆದಿದ್ದರು: ಸಂಗೀತವೆಲ್ಲ ಸಂಗೀತಗಾರರದು, ಸಂಸ್ಥೆಗೆ ಏನೂ ಸೇರಿದ್ದಲ್ಲ. ವ್ಯವಹಾರ ಬಲ್ಲವರು ಅದನ್ನು ಹುಚ್ಚೆನ್ನುತ್ತಿದ್ದರು. ಸಂಸ್ಥೆ ಮುಳುಗಿದಾಗ ದುಡಿದವರ ಪಾಲಿಗೆ ಉಳಿದದ್ದು ಆ ಒಂದು ಕಾಗದದ ಬಲದಿಂದ ಅವರ ಹಾಡು ಮಾತ್ರ. ಹಣ ಹೋಯಿತು, ಹಾಡು ಉಳಿಯಿತು. ‘ಬಂಡವಾಳ ಎಷ್ಟು’ ಎಂಬ ಪ್ರಶ್ನೆ ಎಲ್ಲರೂ ಕೇಳುವಂಥದು. ‘ಯಾರದು? ಮುಳುಗಿದರೆ ಅವರ ಕೈಯಲ್ಲಿ ಏನು ಉಳಿಯುತ್ತದೆ?’ ಎಂಬುದು ಕೇಳಬೇಕಾದ ಪ್ರಶ್ನೆ.

ಹುಡುಗನ ಕಡತದಲ್ಲಿ ಖಾಸಗಿ ನಿಯಮಿತ ಕಂಪನಿಯೆಂದಿತ್ತು. ಕಂಪನಿಯ ಸಾಲ ಕಂಪನಿಗೆ. ಪಾಲುದಾರ ಕಳೆದುಕೊಳ್ಳುವುದು ಪಾಲಿನ ಹಣವನ್ನಷ್ಟೇ. ಈ ರಕ್ಷೆ ಇರುವುದೇನೋ ನಿಜ. ಆದರೆ ಯಾರದೋ ಮನೆಯನ್ನು ಆಧಾರ ಮಾಡಿದ ಗಳಿಗೆಯಲ್ಲಿ ಆ ಮನೆಯ ಮಟ್ಟಿಗೆ ರಕ್ಷೆ ಹರಿದುಹೋಗುತ್ತದೆ. ಕಂತು ನಿಂತು ಸಾಲ ಕೆಟ್ಟದ್ದೆಂದು ಗೊತ್ತಾದರೆ, 2002ರ ಕಾಯಿದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು.

ನಾನಿದನ್ನು ಕಾನೂನಿನ ಪುಸ್ತಕದಿಂದ ಹೇಳುತ್ತಿಲ್ಲ. ಬಹಳ ವರ್ಷಗಳ ಹಿಂದೆ ಮಲೆನಾಡಿನ ಸಣ್ಣ ಊರೊಂದರ ಶಾಖೆಯಲ್ಲಿದ್ದಾಗ, ಚಿತ್ರಮಂದಿರ ಕಟ್ಟುತ್ತೇನೆಂದು ತರುಣನೊಬ್ಬ ಬಂದಿದ್ದ. ಆಧಾರಕ್ಕೆ ಅವನ ವಿಧವೆ ಅತ್ತಿಗೆಯ ಮನೆ. ಪತ್ರಗಳನ್ನು ನಾನೇ ತಯಾರಿಸಿದೆ. ಆಕೆ ಬಂದು ಕುಳಿತರು. ಅಷ್ಟು ಪುಟಗಳಲ್ಲಿ ಒಂದನ್ನೂ ಓದಲಿಲ್ಲ. “ಸಹಿ ಎಲ್ಲಿ ಹಾಕಲಿ ಸ್ವಾಮಿ?” ಎಂದಷ್ಟೇ ಕೇಳಿದರು. ನಾನು ಪೆನ್ಸಿಲಿನಿಂದ ಗುರುತು ಮಾಡಿ ತೋರಿಸಿದೆ. ನನ್ನ ಕೆಲಸದಲ್ಲಿ ಲೋಪವಿರಲಿಲ್ಲ. ಮೇಲಿನವರು ಮೆಚ್ಚಿಕೊಂಡರು ಕೂಡ. ಚಿತ್ರಮಂದಿರ ಮೂರು ವರ್ಷ ನಡೆಯಿತು. ಮನೆ ಹರಾಜಾದ ದಿನ ನಾನು ಬೇರೆ ಊರಿನಲ್ಲಿದ್ದೆ. ಆ ಪೆನ್ಸಿಲಿನ ಗುರುತು ಮಾತ್ರ ನಾನು ಹೋದ ಊರಿಗೆಲ್ಲ ನನ್ನ ಜೊತೆಗೇ ಬಂತು.

ಆ ಸಂಜೆ ತಂಗಿಯ ಮನೆಗೆ ಹೋದೆ. ಅವಳು ಮಲ್ಲಿಗೆಯ ಬಳ್ಳಿಗೆ ನೀರು ಹಾಕುತ್ತಿದ್ದಳು. ವಿಷಯವೆಲ್ಲ ಅವಳಿಗೆ ಗೊತ್ತಿತ್ತು. ಕೈಯೊರಸಿಕೊಂಡು ಬಂದು, “ಮನೆ ಇದ್ದು ಏನು ಮಾಡಲಿ ಅಣ್ಣ? ಹುಡುಗ ಆಸೆಪಟ್ಟಿದ್ದಾನೆ. ಸಹಿ ಎಲ್ಲಿ ಹಾಕಬೇಕು, ಹೇಳು” ಎಂದಳು.

ಮೂವತ್ತು ವರ್ಷದ ನೌಕರಿಯಲ್ಲಿ ಹೇಳದಿದ್ದ ಮಾತನ್ನು ಅಂದು ಹೇಳಿದೆ. “ಎಲ್ಲಿಯೂ ಹಾಕಬೇಡ.”

ಹುಡುಗ ಮೂರು ವಾರ ನಮ್ಮ ಮನೆಗೆ ಬರಲಿಲ್ಲ. ನಾಲ್ಕನೆಯ ವಾರ ಬಂದಾಗ ಕಡತವಿರಲಿಲ್ಲ. “ಹಾಗಾದರೆ ಹೇಗೆ ಮಾಡಲಿ, ಅದನ್ನಾದರೂ ಹೇಳಿ” ಎಂದ. ತಿಳಿದದ್ದನ್ನು ಹೇಳಿದೆ. ಸನ್ನದು, ಅಡುಗೆಮನೆ, ಬೆಂಕಿಯ ಬಂದೋಬಸ್ತು ಎಲ್ಲ ಇರುವ ಹೊಟೇಲೊಂದರಲ್ಲಿ ತಿಂಗಳಿಗೊಂದು ರಾತ್ರಿ ಹಿಡಿ. ಬಾಡಿಗೆಯ ಬದಲು ಬಾಗಿಲ ಹಣದಲ್ಲಿ ಪಾಲೆಂದು ಕರಾರು ಮಾಡಿಕೋ; ಖಾಲಿ ರಾತ್ರಿಯ ನಷ್ಟ ಒಬ್ಬನ ತಲೆಯ ಮೇಲೆ ಬೀಳುವುದಿಲ್ಲ. ಒಂದು ವರ್ಷ ನಡೆಸಿ, ಯಾರು ಬರುತ್ತಾರೆ, ಏನು ಕುಡಿಯುತ್ತಾರೆ, ಎಷ್ಟು ಕೊಡುತ್ತಾರೆ ಎಂಬುದನ್ನು ಬರೆದಿಡು. ಆಮೇಲೆ ಸ್ವಂತ ಜಾಗ ಬೇಕೆನ್ನಿಸಿದರೆ, ಕಳೆದುಕೊಂಡರೂ ಊಟಕ್ಕೆ ತೊಂದರೆಯಾಗದವರಿಂದ ಮಾತ್ರ ಪಾಲು ತೆಗೆದುಕೋ. ಸಾಲವನ್ನು ಮರಳಿ ಮಾರಬಹುದಾದ ಧ್ವನಿಯಂತ್ರ, ಶೀತಯಂತ್ರಗಳಿಗಷ್ಟೇ ಮಾಡು. ಗೋಡೆಯ ಬಣ್ಣಕ್ಕೆ ಸಾಲ ಮಾಡಬೇಡ. ಆರು ತಿಂಗಳ ಖರ್ಚನ್ನು ಮುಟ್ಟದೆ ಪಕ್ಕಕ್ಕಿಡು. ಅದಿಲ್ಲದಿದ್ದರೆ ಬಾಗಿಲು ತೆರೆಯಲೇಬೇಡ.

ಮೊದಲ ರಾತ್ರಿ ನಡೆದು ಎರಡು ತಿಂಗಳಾಯಿತು. ಲೆಕ್ಕದ ಪುಸ್ತಕವನ್ನು ತಂದು ತೋರಿಸಿದ. ನಷ್ಟ 11,400 ರೂಪಾಯಿ. ಅವನ ಸಂಬಳದಿಂದಲೇ ತುಂಬಿದ್ದ. ಎರಡನೆಯ ರಾತ್ರಿಯ ನಷ್ಟ 3,000ಕ್ಕೆ ಇಳಿದಿತ್ತು. ಇದು ಗೆಲ್ಲುವ ದಾರಿಯೆಂದು ನಾನು ಹೇಳಲಾರೆ.

ಆ ಎರಡನೆಯ ರಾತ್ರಿ ನನ್ನ ತಂಗಿಯೂ ಹೋಗಿದ್ದಳಂತೆ. ಕಿವಿಗೆ ಹತ್ತಿಯಿಟ್ಟುಕೊಂಡು ಅರ್ಧ ಗಂಟೆ ಕುಳಿತು, ಒಂದು ಲೋಟ ನಿಂಬೆಯ ಪಾನಕ ಕುಡಿದು, ಹುಡುಗ ಬೇಡವೆಂದರೂ ಹಣ ಕೊಟ್ಟು ಬಂದಿದ್ದಳು. ಹೇಗಿತ್ತೆಂದು ಕೇಳಿದೆ.

“ಹಾಡು ಒಂದೂ ಅರ್ಥವಾಗಲಿಲ್ಲ ಅಣ್ಣ. ಮಕ್ಕಳು ಖುಷಿಯಾಗಿದ್ದರು. ಹೊರಗೆ ಹೋಗಲು ಮೂರು ಬಾಗಿಲಿವೆ, ಮೂರನ್ನೂ ನೂಕಿ ನೋಡಿ ಬಂದೆ” ಎಂದಳು.